‘ನಡೆಯೋಕೆ ಆಗುತ್ತಾ, ಇಲ್ವಾ?’ ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ

ನನ್ನನ್ನು ಹೊಸದಾಗಿ ನೋಡಿದವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ‘ನಿಮಗೆ ನಡೆಯೋಕೆ ಆಗುತ್ತಾ, ಇಲ್ವಾ?’ ಅವರಿಗೆ ಬೇಕಿರುವುದು ‘ಹೌದು’ ಅಥವಾ ‘ಇಲ್ಲ’. ನನ್ನ ಹತ್ತಿರ ಅಷ್ಟು ಚಿಕ್ಕ ಉತ್ತರ ಇಲ್ಲ. ಮನೆಯೊಳಗೆ ಗೋಡೆ, ಮಂಚ, ಅಡುಗೆಕಟ್ಟೆ ಹಿಡಿದುಕೊಂಡು ಹತ್ತು ಹದಿನೈದು ಹೆಜ್ಜೆ ಹಾಕುತ್ತೇನೆ. ಕ್ಯಾಲಿಪರ್ ಕಟ್ಟಿಕೊಂಡು ಊರುಗೋಲು ಹಿಡಿದರೆ ಕಚೇರಿಯ ಗೇಟಿನಿಂದ ನನ್ನ ಮೇಜಿನ ತನಕ ಹೋಗಬಲ್ಲೆ. ಸಂತೆ, ಆಸ್ಪತ್ರೆ, ಮದುವೆ ಛತ್ರ ಅಂದರೆ ಗಾಲಿಕುರ್ಚಿ ಬೇಕೇ ಬೇಕು. ಬೆಳಿಗ್ಗೆ ನಡೆದವಳು ಸಂಜೆ ಹೊತ್ತಿಗೆ ನಡೆಯಲಾರದವಳಾಗಿರುತ್ತೇನೆ.

ಇದನ್ನು ನೋಡಿದವರು ಕೆಲವೊಮ್ಮೆ ‘ನಾಟಕ’ ಅಂದುಕೊಳ್ಳುತ್ತಾರೆ. ಗಾಲಿಕುರ್ಚಿಯಿಂದ ಎದ್ದು ನಿಂತು ಬೀರುವಿನ ಫೈಲು ತೆಗೆದರೆ ಸಾಕು, ‘ಅರೆ, ಮೇಡಂ ನಿಂತ್ಕೊಂಡ್ರಲ್ಲ!’ ಎಂಬ ಮಾತು ಬರುತ್ತದೆ. ಆದರೆ ಗಾಲಿಕುರ್ಚಿ ಬಳಸುವ ಬಹಳ ಮಂದಿ ಒಂದಷ್ಟು ಹೊತ್ತು ನಿಲ್ಲಬಲ್ಲರು, ಕೆಲವು ಹೆಜ್ಜೆ ನಡೆಯಬಲ್ಲರು. ಗಾಲಿಕುರ್ಚಿ ಇರುವುದು ಒಂದು ಹೆಜ್ಜೆಯನ್ನೂ ಇಡಲಾರದವರಿಗೆ ಮಾತ್ರ ಅಲ್ಲ. ನಡೆದು ನಡೆದೇ ದಿನದ ಶಕ್ತಿಯೆಲ್ಲ ಮುಗಿದುಹೋಗಬಾರದು ಎನ್ನುವವರಿಗೂ ಅದು ಬೇಕು.

ನನಗೆ ಪೋಲಿಯೋ ಬಂದಾಗ ಒಂದೂವರೆ ವರ್ಷ. ಈಗ 49. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಸರ್ಕಾರಿ ಕೆಲಸ. ಇಷ್ಟು ವರ್ಷ ಕಂಡದ್ದರಿಂದ ಒಂದು ಮಾತು ಹೇಳಬೇಕೆನಿಸುತ್ತದೆ: ಚಲನವೈಕಲ್ಯ ಒಂದೇ ಬಗೆಯದ್ದಲ್ಲ, ಹಾಗಾಗಿ ಎಲ್ಲರಿಗೂ ಹೊಂದುವ ಒಂದೇ ಸಹಾಯವೂ ಇಲ್ಲ. ಯಾರಿಗೆ ಏನು ಬೇಕು ಅಂತ ಕೇಳದೆ, ಅಳೆಯದೆ ಕೊಟ್ಟ ಸಹಾಯ ಎಷ್ಟೋ ಸಲ ತೊಂದರೆಯನ್ನೇ ಮಾಡುತ್ತದೆ.

ಕಾರಣ ಬೇರೆ, ಕಷ್ಟವೂ ಬೇರೆ

2011ರ ಜನಗಣತಿ ಪ್ರಕಾರ ದೇಶದಲ್ಲಿ ಅಂಗವೈಕಲ್ಯ ಇರುವವರು 2.68 ಕೋಟಿ. ಅವರಲ್ಲಿ ಸುಮಾರು 54 ಲಕ್ಷ ಜನರಿಗೆ ಇರುವುದು ಚಲನೆಗೆ ಸಂಬಂಧಿಸಿದ ತೊಂದರೆ. ಕರ್ನಾಟಕದ ಒಟ್ಟು ಲೆಕ್ಕ ಸುಮಾರು 13.24 ಲಕ್ಷ, ಅದರಲ್ಲಿ ಚಲನವೈಕಲ್ಯದವರು 2.7 ಲಕ್ಷದಷ್ಟು. ಇದು ಹಳೆಯ ಲೆಕ್ಕ. ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾಗದ ನಿಮ್ಮ ಅಜ್ಜಿ, ಅಪಘಾತದಲ್ಲಿ ಕಾಲು ಮುರಿದು ಆರು ತಿಂಗಳು ಮಲಗಿದ ನಿಮ್ಮ ಚಿಕ್ಕಪ್ಪ ಇಂಥ ಲೆಕ್ಕಕ್ಕೆ ಸಿಗುವವರಲ್ಲ. ಅವರ ಎದುರಿಗಿರುವ ಮೆಟ್ಟಿಲು ಮಾತ್ರ ನನ್ನ ಎದುರಿಗಿರುವ ಮೆಟ್ಟಿಲೇ.

ಪೋಲಿಯೋ ವೈರಸ್ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಹಾಳು ಮಾಡುತ್ತದೆ. ಕಾಲಿಗೆ ಬಲ ಇರುವುದಿಲ್ಲ, ಆದರೆ ಸ್ಪರ್ಶ ಪೂರ್ತಿ ಇರುತ್ತದೆ. ಚಳಿ, ನೋವು, ಸೊಳ್ಳೆ ಕಡಿತ ಎಲ್ಲವೂ ಗೊತ್ತಾಗುತ್ತದೆ. ಭಾರತದಲ್ಲಿ ಕೊನೆಯ ಪೋಲಿಯೋ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್‌ನಲ್ಲಿ ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರವೂ ಸಿಕ್ಕಿತು. ಪೋಲಿಯೋ ಹೋಯಿತು, ಪೋಲಿಯೋ ಬಂದಿದ್ದ ನಾವು ಇನ್ನೂ ಇದ್ದೇವೆ. ಎಷ್ಟೋ ವರ್ಷ ಹೆಚ್ಚುವರಿ ದುಡಿದ ನರ, ಸ್ನಾಯುಗಳು ನಡುವಯಸ್ಸಿನ ಹೊತ್ತಿಗೆ ಮತ್ತೆ ಸೋಲತೊಡಗುವುದುಂಟು. ವೈದ್ಯರು ಇದನ್ನು ಪೋಸ್ಟ್ ಪೋಲಿಯೋ ಸಿಂಡ್ರೋಮ್ ಅಂತಾರೆ. ‘ಇನ್ನಷ್ಟು ನಡೀರಿ, ಸರಿಹೋಗುತ್ತೆ’ ಎಂಬ ಸಲಹೆ ಇಲ್ಲಿ ತಿರುಗುಬಾಣ. ಬೇಕಾಗಿರುವುದು ಶಕ್ತಿಯ ಮಿತವ್ಯಯ.

ತೆಂಗು, ಅಡಿಕೆ ಮರದಿಂದ ಬಿದ್ದು, ಕಟ್ಟಡ ಕೆಲಸದಲ್ಲಿ ಜಾರಿ, ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದವರ ಕಥೆ ಬೇರೆ. ಅವರಲ್ಲಿ ಬಹಳ ಜನರಿಗೆ ಪೆಟ್ಟು ಬಿದ್ದ ಜಾಗದ ಕೆಳಗೆ ಬಲದ ಜೊತೆಗೆ ಸ್ಪರ್ಶಜ್ಞಾನವೂ ಹೋಗಿರುತ್ತದೆ, ಮೂತ್ರ ಮತ್ತು ಮಲದ ಮೇಲಿನ ಹಿಡಿತವೂ ತಪ್ಪಿರುತ್ತದೆ. ಒಂದೇ ಭಂಗಿಯಲ್ಲಿ ಕೂತರೆ ಪೃಷ್ಠದ ಮೂಳೆ ಚರ್ಮವನ್ನು ಒತ್ತಿ ಹುಣ್ಣಾಗುತ್ತದೆ, ಆದರೆ ನೋವೇ ಗೊತ್ತಾಗುವುದಿಲ್ಲ. ಆ ಹುಣ್ಣು ಮೂಳೆಯ ತನಕ ಇಳಿದು ನಂಜಾದರೆ ಜೀವಕ್ಕೇ ಕುತ್ತು. ಅದಕ್ಕೇ ಗಾಲಿಕುರ್ಚಿಯಲ್ಲಿ ಕೂತಾಗ 15ರಿಂದ 30 ನಿಮಿಷಕ್ಕೊಮ್ಮೆ ಕೈ ಊರಿ ಮೈ ಎತ್ತುವುದು ಅಥವಾ ಮುಂದಕ್ಕೆ, ಪಕ್ಕಕ್ಕೆ ಬಾಗುವುದು, ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ದಿನಾ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳುವುದು ಊಟದಷ್ಟೇ ಮುಖ್ಯ. ಬಿಸಿ ಟೀ ಲೋಟವನ್ನು ಅವರ ತೊಡೆಯ ಮೇಲೆ ಇಡಬೇಡಿ. ಸುಟ್ಟರೂ ಅವರಿಗೆ ತಿಳಿಯದು.

ಲಕ್ವ ಹೊಡೆದವರಿಗೆ ಸಾಮಾನ್ಯವಾಗಿ ದೇಹದ ಒಂದು ಪಕ್ಕ ಸೋತಿರುತ್ತದೆ, ಕೆಲವರಿಗೆ ಮಾತೂ ತೊದಲುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಸ್ನಾಯುಗಳಲ್ಲಿ ಬಿಗಿತ ಅಥವಾ ತಡೆಯಲಾಗದ ಅಲುಗಾಟ ಇರಬಹುದು, ಮಾತು ಅಸ್ಪಷ್ಟ ಇರಬಹುದು. ಅದನ್ನು ನೋಡಿ ಮಗುವಿಗೆ ಬುದ್ಧಿ ಇಲ್ಲ ಅಂತ ತೀರ್ಮಾನಿಸಿ ಶಾಲೆ ಬಿಡಿಸಿದರೆ ಅದು ಅನ್ಯಾಯ. ಮಸ್ಕ್ಯುಲರ್ ಡಿಸ್ಟ್ರಫಿಯಲ್ಲಿ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತವೆ. ದಣಿಯುವಷ್ಟು ಕಸರತ್ತು ಮಾಡಿಸಿದರೆ ಕೆಡುಕೇ ಹೆಚ್ಚು. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರಿಗೆ ಇನ್ನೊಂದು ಕಾಲನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಸಂಧಿವಾತದವರಿಗೆ ಇವತ್ತು ಆದದ್ದು ನಾಳೆ ಆಗದೇ ಇರಬಹುದು. ಇವರನ್ನೆಲ್ಲ ‘ಕಾಲಿಲ್ಲದವರು’ ಅಂತ ಒಂದೇ ಮಾತಲ್ಲಿ ಕರೆದರೆ ಯಾರ ಕಷ್ಟವೂ ಅರ್ಥವಾದಂತಾಗಲಿಲ್ಲ.

ಶೇಕಡಾ 40 ಹೇಳದ ಸಂಗತಿ

1995ರ ಕಾನೂನಿನಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಕುಷ್ಠದಿಂದ ಗುಣವಾದವರು, ಸೆರೆಬ್ರಲ್ ಪಾಲ್ಸಿ, ಕುಬ್ಜತೆ, ಮಸ್ಕ್ಯುಲರ್ ಡಿಸ್ಟ್ರಫಿ, ಆಸಿಡ್ ದಾಳಿಗೆ ತುತ್ತಾದವರು ಚಲನವೈಕಲ್ಯದ ಗುಂಪಿನಲ್ಲಿ ಬರುತ್ತಾರೆ. ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ ಶೇ 40ರಷ್ಟು ವೈಕಲ್ಯ ಇದೆ ಎಂಬ ವೈದ್ಯಕೀಯ ಪ್ರಮಾಣಪತ್ರ ಬೇಕು. ಯುಡಿಐಡಿ ಕಾರ್ಡಿನಲ್ಲಿ ಅಚ್ಚಾಗುವುದು ಇದೇ ಸಂಖ್ಯೆ.

ಸಂಖ್ಯೆ ಬೇಡ ಅಂತ ನಾನು ಹೇಳುವುದಿಲ್ಲ. ಸರ್ಕಾರ ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಆದರೆ ಶೇ 40 ಇರುವ ಮಹಿಳೆಯ ಮನೆ ಗುಡ್ಡದ ಮೇಲಿದ್ದು ಶೌಚಾಲಯ ಹಿತ್ತಲಲ್ಲಿದ್ದರೆ, ಶೇ 80 ಇದ್ದು ಲಿಫ್ಟ್ ಇರುವ ಮನೆಯಲ್ಲಿರುವ ವ್ಯಕ್ತಿಗಿಂತ ಅವಳ ಬದುಕು ಬಿಗಿಯಾಗಿರುತ್ತದೆ. ವೈದ್ಯರು ಅಳೆಯುವುದು ದೇಹವನ್ನು. ಮನೆ, ದಾರಿ, ಬಸ್ಸು, ಬಚ್ಚಲನ್ನು ಯಾರೂ ಅಳೆಯುವುದಿಲ್ಲ. ಅರ್ಧ ಅಂಗವೈಕಲ್ಯ ಇರುವುದು ಅಲ್ಲೇ.

ಚಪ್ಪಲಿಗೆ ಅಳತೆ ಇದೆ, ಗಾಲಿಕುರ್ಚಿಗೆ ಬೇಡವಾ?

ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ, ಇಲಾಖೆಗಳ, ದಾನಿಗಳ ಶಿಬಿರಗಳಲ್ಲಿ ಸಾಧನ ಸಲಕರಣೆ ಉಚಿತವಾಗಿ ಸಿಗುತ್ತವೆ. ಎಷ್ಟೋ ಜನ ಮೊದಲ ಸಲ ಮನೆಯಿಂದ ಹೊರಗೆ ಬಂದದ್ದು ಇಂಥ ಶಿಬಿರದಲ್ಲಿ ಸಿಕ್ಕ ಟ್ರೈಸಿಕಲ್‌ನಿಂದ. ಆದರೆ ವೇದಿಕೆ ಮುಂದೆ ಸಾಲಾಗಿ ನಿಲ್ಲಿಸಿದ ಗಾಲಿಕುರ್ಚಿಗಳನ್ನು ಗಮನಿಸಿ. ಎಷ್ಟೋ ಕಡೆ ಎಲ್ಲವೂ ಒಂದೇ ಅಳತೆ. ದೊಡ್ಡವರ ಮಾಮೂಲಿ ಗಾಲಿಕುರ್ಚಿಯ ಸೀಟು 18 ಇಂಚು ಅಗಲ. ಅದರಲ್ಲಿ ಹನ್ನೆರಡು ವರ್ಷದ ತೆಳ್ಳನೆಯ ಹುಡುಗಿಯನ್ನು ಕೂರಿಸಿದರೆ ಅವಳು ಒಂದು ಪಕ್ಕಕ್ಕೆ ವಾಲುತ್ತಾಳೆ. ವರ್ಷಗಟ್ಟಲೆ ವಾಲಿ ಕೂತರೆ ಬೆನ್ನುಮೂಳೆ ಡೊಂಕಾಗುವ ಅಪಾಯ ಹೆಚ್ಚುತ್ತದೆ.

ಸರಿಯಾದ ಗಾಲಿಕುರ್ಚಿ ಅಂದರೆ ಏನು? ಸೊಂಟದ ಎರಡೂ ಬದಿ ಅಂಗೈ ತೂರುವಷ್ಟು ಮಾತ್ರ ಜಾಗ ಇರಬೇಕು. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಬೆರಳಿನಷ್ಟು ಅಂತರ ಬೇಕು. ಪಾದ ನೇತಾಡದೆ ಪಾದಪಟ್ಟಿಯ ಮೇಲೆ ಪೂರ್ತಿ ಕೂರಬೇಕು. ಸ್ಪರ್ಶ ಇಲ್ಲದವರಿಗೆ ಒತ್ತಡ ಹಂಚುವ ಕುಶನ್ ಬೇಕೇ ಬೇಕು. ಮನೆಯಲ್ಲಿರುವ ಸ್ಪಂಜಿನ ದಿಂಬು ಅದರ ಬದಲಿಗೆ ಆಗುವುದಿಲ್ಲ. ಇದನ್ನೆಲ್ಲ ಅಳೆದು ಹೊಂದಿಸಿ ಕೊಡುವ ಸಂಸ್ಥೆಗಳು ನಮ್ಮಲ್ಲೇ ಇವೆ. ಬೆಂಗಳೂರಿನಲ್ಲಿ 1959ರಿಂದ ಕೆಲಸ ಮಾಡುತ್ತಿರುವ ಎಪಿಡಿ, ಆಮೇಲೆ ಬಂದ ಮೊಬಿಲಿಟಿ ಇಂಡಿಯಾ ಇದಕ್ಕೆ ಹೆಸರಾದವು.

ಊರುಗೋಲಿನ ವಿಷಯದಲ್ಲೂ ಹೀಗೆಯೇ. ಒಂದೇ ಕೋಲು ಹಿಡಿಯುವವರು ಅದನ್ನು ಸೋತ ಕಾಲಿನ ಪಕ್ಕದ ಕೈಯಲ್ಲಿ ಹಿಡಿಯುವುದೇ ಹೆಚ್ಚು. ಹಿಡಿಯಬೇಕಾದದ್ದು ಸಾಮಾನ್ಯವಾಗಿ ಎದುರು ಕೈಯಲ್ಲಿ. ಎಡಗಾಲು ಸೋತಿದ್ದರೆ ಬಲಗೈಯಲ್ಲಿ. ನಡೆಯುವಾಗ ಎಡಗಾಲೂ ಬಲಗೈಯೂ ಒಟ್ಟಿಗೆ ಮುಂದೆ ಹೋಗುವುದರಿಂದ ಭಾರ ಹಂಚಿಹೋಗುತ್ತದೆ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಕಂಕುಳಿನ ಊರುಗೋಲಾದರೆ ಮೈಭಾರ ಕೈಗಳ ಮೇಲಿರಬೇಕು. ಕಂಕುಳ ಮೇಲೆ ಜೋತುಬಿದ್ದರೆ ಅಲ್ಲಿನ ನರ ಒತ್ತಿ ಕೈಯೇ ಜೋಮು ಹಿಡಿಯುತ್ತದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಕೋಲಿನ ತುದಿಯ ರಬ್ಬರ್ ಸವೆದಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ. ಸವೆದ ರಬ್ಬರ್ ಒದ್ದೆ ನೆಲದ ಮೇಲೆ ಜಾರಿದರೆ ಸೊಂಟದ ಮೂಳೆಯೇ ಮುರಿದೀತು.

ಆರು ಇಂಚಿನ ಮೆಟ್ಟಿಲು, ಆರು ಅಡಿಯ ರ‍್ಯಾಂಪ್

ರ‍್ಯಾಂಪ್ ಇದೆ ಅಂದಾಕ್ಷಣ ಅದರ ಮೇಲೆ ಹೋಗಬಹುದು ಅಂತಲ್ಲ. ನಿಯಮ ಸರಳ: ಒಂದು ಇಂಚು ಎತ್ತರಕ್ಕೆ ಕನಿಷ್ಠ ಹನ್ನೆರಡು ಇಂಚು ಉದ್ದ. ಆರು ಇಂಚಿನ ಒಂದು ಮೆಟ್ಟಿಲಿಗೆ ಆರು ಅಡಿ ರ‍್ಯಾಂಪ್ ಬೇಕು. ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ. ನಮ್ಮ ಕಡೆ ಮೂರು ಮೆಟ್ಟಿಲಿನ ಪಕ್ಕ ಆರು ಅಡಿಯಲ್ಲೇ ಸಿಮೆಂಟ್ ಇಳಿಜಾರು ಹಾಕಿ, ನುಣ್ಣಗೆ ಟೈಲ್ಸ್ ಅಂಟಿಸಿ, ‘ವಿಕಲಚೇತನರಿಗಾಗಿ’ ಅಂತ ಬೋರ್ಡ್ ಬರೆಸುತ್ತಾರೆ. ಬಿಲ್ ಆಗುತ್ತದೆ. ಅದರ ಮೇಲೆ ನಾನು ಒಬ್ಬಳೇ ಹತ್ತಿದರೆ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಬಾಗಿಲು ಕನಿಷ್ಠ 900 ಮಿಲಿಮೀಟರ್, ಅಂದರೆ ಮೂರು ಅಡಿ ಅಗಲ ಇರಬೇಕು. ಗಾಲಿಕುರ್ಚಿ ಪೂರ್ತಿ ತಿರುಗಲು ಐದು ಅಡಿ ಸುತ್ತಳತೆಯಲ್ಲ, ಐದು ಅಡಿ ವ್ಯಾಸದ ಜಾಗ ಬೇಕು. ಆದರೆ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಕಿರಿದಾದ ಬಾಗಿಲು ಇರುವುದು ಬಚ್ಚಲಿಗೆ, ಶೌಚಾಲಯಕ್ಕೆ.

ಶೌಚಾಲಯದ ಮಾತು ಬಂದಾಗ ಎಲ್ಲರೂ ಮುಜುಗರಪಟ್ಟುಕೊಳ್ಳುತ್ತಾರೆ, ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತೇನೆ. ನಾನು ಹಿಂದೆ ಕೆಲಸ ಮಾಡಿದ ಕಚೇರಿಯೊಂದರಲ್ಲಿ ಶೌಚಾಲಯ ಕಟ್ಟಡದ ಹಿಂದೆ, ನಾಲ್ಕು ಮೆಟ್ಟಿಲ ಕೆಳಗೆ ಇತ್ತು. ಕೂರುವ ಕಮೋಡ್ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದೆ, ಸಂಜೆ ಆರಕ್ಕೆ ಮನೆಗೆ ಬಂದು ಕುಡಿಯುತ್ತಿದ್ದೆ. ಪದೇ ಪದೇ ಮೂತ್ರದ ಸೋಂಕು, ಜ್ವರ, ರಜೆ. ‘ಇವರು ಬಹಳ ರಜೆ ಹಾಕ್ತಾರೆ’ ಎಂಬ ಮಾತು ಬೇರೆ. ನನ್ನಂತೆ ನೀರು ಬಿಟ್ಟು ಕೆಲಸ ಮಾಡುವ, ನೀರು ಬಿಟ್ಟು ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳನ್ನು ಬಹಳ ಕಂಡಿದ್ದೇನೆ. ಅವರಿಗೆ ಅಂಗವೈಕಲ್ಯ ಇರುವುದು ಕಾಲಿನಲ್ಲಿ, ಕಾಯಿಲೆ ಕೊಟ್ಟದ್ದು ಕಟ್ಟಡ.

ಮನೆಯಲ್ಲಿ ಮಾಡಿಕೊಳ್ಳಬಹುದಾದ ಬದಲಾವಣೆಗೆ ಲಕ್ಷಗಟ್ಟಲೆ ಹಣ ಬೇಡ. ಶೌಚಾಲಯದ ಗೋಡೆಗೆ ಗಟ್ಟಿಯಾದ ಎರಡು ಉಕ್ಕಿನ ಹಿಡಿಕೆ. ಇಂಡಿಯನ್ ಶೌಚಾಲಯದ ಮೇಲೆ ಇಡಬಹುದಾದ ತೂತಿನ ಕುರ್ಚಿ. ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ, ಜಾರದ ನೆಲ. ಬಾಗಿಲು ಒಳಗೆ ತೆರೆಯುವ ಬದಲು ಹೊರಗೆ ತೆರೆಯುವಂತೆ ಕೀಲು ಬದಲಿಸುವುದು. ಒಳಗೆ ಬಿದ್ದವರ ಮೈ ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನಿಂದ ತಳ್ಳಲೂ ಆಗುವುದಿಲ್ಲ. ಸ್ವಿಚ್, ಮಸಾಲೆ ಡಬ್ಬಿ, ನೀರಿನ ಕೊಡ ಕೂತವರ ಕೈಗೆ ಎಟುಕುವ ಎತ್ತರಕ್ಕೆ ಇಳಿಯಲಿ.

ಇನ್ನು ಬಸ್ಸು. ರಿಯಾಯಿತಿ ಪಾಸ್ ಇದೆ, ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯೂ ಇದೆ. ಟಿಕೆಟ್ ಉಚಿತ ಆಯಿತು, ಹಳ್ಳಿ ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಅಷ್ಟೇ ಎತ್ತರದಲ್ಲಿದೆ. ಪಾಸ್ ಇದ್ದೂ ಆಟೋಕ್ಕೆ ದುಡ್ಡು ಸುರಿಯುವವರು ನಾವು.

ಕೈ ಹಿಡಿಯುವ ಮೊದಲು ಕೇಳಿ

ಹಿಂದಿನಿಂದ ಬಂದು ತೋಳು ಹಿಡಿದು ಎತ್ತುವ ಒಳ್ಳೆಯ ಮನಸ್ಸಿನವರಿಂದ ನಾನು ಬಿದ್ದದ್ದುಂಟು. ಊರುಗೋಲಿನ ಮೇಲೆ ನಿಂತವರ ಸಮತೋಲನ ಆ ತೋಳಿನಲ್ಲೇ ಇರುತ್ತದೆ. ಅದನ್ನು ಎಳೆದರೆ ಮೈಯೇ ಕುಸಿಯುತ್ತದೆ. ‘ಅಕ್ಕ, ಸಹಾಯ ಬೇಕಾ? ಹೇಗೆ ಹಿಡ್ಕೋಬೇಕು?’ ಇಷ್ಟು ಕೇಳಿದರೆ ಸಾಕು. ಬೇಡ ಅಂದರೆ ಬೇಡ ಅಂತಲೇ ಅರ್ಥ. ಅದರಲ್ಲಿ ಅಹಂಕಾರ ಹುಡುಕಬೇಡಿ.

ಗಾಲಿಕುರ್ಚಿಯನ್ನು ಹೇಳದೆ ತಳ್ಳಬೇಡಿ, ಅದರ ಮೇಲೆ ಒರಗಬೇಡಿ. ಎತ್ತಬೇಕಾಗಿ ಬಂದರೆ ಕೈಪಟ್ಟಿ, ಪಾದಪಟ್ಟಿ ಹಿಡಿಯಬೇಡಿ, ಅವು ಕಳಚಿ ಬರುವಂಥವು. ಚೌಕಟ್ಟು ಹಿಡಿಯಿರಿ, ಎಲ್ಲಿ ಹಿಡಿಯಬೇಕು ಅಂತ ಕೂತವರನ್ನೇ ಕೇಳಿ. ಕಡಿದಾದ ಇಳಿಜಾರಿನಲ್ಲಿ ಕೂತವರ ಮುಖ ಇಳಿಜಾರಿನ ಕಡೆ ಮಾಡಿ ಇಳಿಸಿದರೆ ಮುಂದಕ್ಕೆ ಜಾರಿ ಬೀಳಬಹುದು. ಹಿಮ್ಮುಖವಾಗಿ ನಿಧಾನ ಇಳಿಸಿ. ಕೂತವರ ಪಕ್ಕ ಇಟ್ಟ ಊರುಗೋಲನ್ನು ‘ಅಡ್ಡ ಆಗುತ್ತೆ’ ಅಂತ ಮೂಲೆಗೆ ಸಾಗಿಸಬೇಡಿ. ಅದನ್ನು ಒಯ್ದರೆ ನಮ್ಮ ಕಾಲನ್ನೇ ಒಯ್ದ ಹಾಗೆ. ಮಾತನಾಡುವುದು ಹತ್ತು ನಿಮಿಷ ಇದ್ದರೆ ಒಂದು ಕುರ್ಚಿ ಎಳೆದು ಎದುರಿಗೆ ಕೂತುಕೊಳ್ಳಿ. ಮತ್ತೆ, ನನ್ನ ಬಗ್ಗೆ ನನ್ನ ಜೊತೆಗೆ ಬಂದವರನ್ನು ಕೇಳಬೇಡಿ. ‘ಇವರು ಏನು ತಗೋತಾರೆ, ಕಾಫಿನಾ ಟೀನಾ?’ ಅಂತ ನನ್ನ ತಂಗಿಯನ್ನು ಕೇಳುವ ಹೋಟೆಲಿನವರು ಇಂದಿಗೂ ಇದ್ದಾರೆ.

ಇದು ದಯೆಯ ವಿಷಯವಲ್ಲ

2016ರ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಈಗಿರುವ ಸಾರ್ವಜನಿಕ ಕಟ್ಟಡಗಳೆಲ್ಲ ನಿಯಮ ಬಂದ ಐದು ವರ್ಷದೊಳಗೆ ಎಲ್ಲರೂ ಬಳಸುವಂತಾಗಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿದಿದೆ. 2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಕಾಯ್ದೆ ಕಡ್ಡಾಯ ಅಂದದ್ದನ್ನು ನಿಯಮಗಳ 15ನೇ ಅಂಶ ಬರೀ ಮಾರ್ಗಸೂಚಿಯ ಮಟ್ಟಕ್ಕೆ ಇಳಿಸಿದೆ, ಆದ್ದರಿಂದ ಅದು ಕಾಯ್ದೆಗೆ ವಿರುದ್ಧ ಎಂದು ತೀರ್ಪು ಕೊಟ್ಟು, ಕಡ್ಡಾಯವಾದ ಕನಿಷ್ಠ ಮಾನದಂಡಗಳನ್ನು ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಸಮಯ ನೀಡಿತು. ಆ ಅರ್ಜಿ ಕೋರ್ಟಿಗೆ ಹೋದದ್ದು 2005ರಲ್ಲಿ. ಒಂದು ರ‍್ಯಾಂಪ್ ಸಲಹೆಯೋ ಕಡ್ಡಾಯವೋ ಎಂಬುದು ಇತ್ಯರ್ಥವಾಗಲು ಹತ್ತೊಂಬತ್ತು ವರ್ಷ!

ಇದೇ ಕಾಯ್ದೆಯಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ಸರ್ಕಾರಿ ನೌಕರಿಯಲ್ಲಿರುವಾಗ ಅಪಘಾತವಾಗಿಯೋ ಲಕ್ವ ಹೊಡೆದೋ ಅಂಗವೈಕಲ್ಯ ಬಂದರೆ ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಆ ಹುದ್ದೆಗೆ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆಗೆ ಬದಲಿಸಬೇಕು. ಜೊತೆಗೆ ಸೂಕ್ತ ಹೊಂದಾಣಿಕೆ ಎಂಬ ಹಕ್ಕೂ ಇದೆ. ಮೇಲಿನ ಮಹಡಿಯ ಮೇಜನ್ನು ನೆಲಮಹಡಿಗೆ ತರುವುದು ಇದಕ್ಕೆ ಸರಳ ಉದಾಹರಣೆ. ಕೇಳುವಾಗ ಬಾಯಿಮಾತಿನಲ್ಲಿ ಕೇಳಬೇಡಿ. ಅರ್ಜಿ ಬರೆದು, ಸ್ವೀಕೃತಿ ಪಡೆದು ಕೇಳಿ.

ಹಳ್ಳಿಯಲ್ಲಿರುವವರು ಮೊದಲು ಹೋಗಬೇಕಾದದ್ದು ಗ್ರಾಮ ಪಂಚಾಯಿತಿಗೆ. ಅಲ್ಲಿ ವಿಆರ್‌ಡಬ್ಲ್ಯು ಅಂತ ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯು ಇರುತ್ತಾರೆ. ಯುಡಿಐಡಿ, ಮಾಸಾಶನ, ಸಲಕರಣೆ ಅರ್ಜಿಗೆ ಅವರೇ ದಾರಿ. ಇವರಲ್ಲಿ ಬಹಳ ಜನ ಸ್ವತಃ ಅಂಗವಿಕಲರು, ಕಡಿಮೆ ಗೌರವಧನಕ್ಕೆ ಮನೆಮನೆ ತಿರುಗುವವರು. ಪಂಚಾಯಿತಿ ಅನುದಾನದಲ್ಲಿ ಶೇ 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. ಗ್ರಾಮಸಭೆಯಲ್ಲಿ ಎದ್ದು ಆ ಹಣ ಯಾವುದಕ್ಕೆ ಖರ್ಚಾಯಿತು ಅಂತ ಕೇಳಿ. ಎಲ್ಲರಿಗೂ ಒಂದೊಂದು ಕಂಬಳಿಯೋ ಪಾತ್ರೆಯೋ ಹಂಚಿ ಮುಗಿಸುವ ಬದಲು, ಇಬ್ಬರ ಮನೆಯ ಶೌಚಾಲಯಕ್ಕೆ ಹಿಡಿಕೆ, ಒಬ್ಬರಿಗೆ ಅಳತೆಯ ಗಾಲಿಕುರ್ಚಿ ಆಗಲಿ.

2023ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮಂಥವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಕೊಟ್ಟರು. ಹಾಸಿಗೆ ಹಿಡಿದವರಿಗೆ ಅದು ನಿಜವಾಗಿ ಉಪಕಾರ. ಆದರೆ ಹಳ್ಳಿಗಳಲ್ಲಿ ಮತಗಟ್ಟೆ ಅಂದರೆ ಹೆಚ್ಚಾಗಿ ಊರಿನ ಶಾಲೆ. ಮತ ಮನೆಗೆ ಬಂತು ಅಂತ ಆ ಶಾಲೆಗೆ ರ‍್ಯಾಂಪ್ ಬೇಡ ಅನ್ನುವ ಹಾಗಿಲ್ಲ. ಐದು ವರ್ಷಕ್ಕೊಮ್ಮೆ ನಾನು ಹೋಗುವ ಜಾಗಕ್ಕೆ ದಿನಾ ಹೋಗಬೇಕಾದ ಮಗು ಒಂದು ಆ ಊರಲ್ಲಿ ಇರಬಹುದು.

ಇದನ್ನು ಓದಿದವರಲ್ಲಿ ಅಂಗಡಿ ಇಟ್ಟವರು, ಕ್ಲಿನಿಕ್ ನಡೆಸುವವರು, ಶಾಲೆಯ ಎಸ್‌ಡಿಎಂಸಿಯಲ್ಲಿರುವವರು, ಮನೆ ಕಟ್ಟಿಸುತ್ತಿರುವವರು ಇರುತ್ತೀರಿ. ನಾಳೆ ಒಂದು ಅಳತೆ ಟೇಪು ಹಿಡಿದು ಮೂರು ಅಳತೆ ತಗೊಳ್ಳಿ: ಮುಂಬಾಗಿಲಿನ ಮೆಟ್ಟಿಲ ಎತ್ತರ, ಶೌಚಾಲಯದ ಬಾಗಿಲ ಅಗಲ, ಒಳಗೆ ತಿರುಗಲು ಇರುವ ಜಾಗ. ಮನೆ ಕಟ್ಟಿಸುತ್ತಿರುವವರು ಮೇಸ್ತ್ರಿಗೆ ಈಗಲೇ ಹೇಳಿದರೆ ಬಾಗಿಲು ಆರು ಇಂಚು ಅಗಲ ಮಾಡಲು ಹೆಚ್ಚು ಖರ್ಚಾಗುವುದಿಲ್ಲ. ಗೋಡೆ ಎದ್ದ ಮೇಲೆ ಅದೇ ಆರು ಇಂಚಿಗೆ ಗೋಡೆ ಒಡೆಯಬೇಕು.